ಸೆಲ್ವಿಯ ಮುಖಕ್ಕೆ ನಾನು ಹಚ್ಚಿದ್ದು

ಕಳೆದ ವಾರ ಊಟವೆಲ್ಲ ಮುಗಿದ ಮೇಲೆ ಒಂದು ಲೋಟ ಹಾಲು ಹಿಡಿದು ಮಗಳ ಕೋಣೆಗೆ ಹೋದೆ. ಸಿಂಚನ ಮಂಚದ ಮೇಲೆ ಅಂಗಾತ ಮಲಗಿದ್ದಳು. ಮುಖದ ತುಂಬ ಒದ್ದೆಯಾದ ಬಿಳಿ ಕಾಗದ. ಕಣ್ಣಿಗೆಂದು ಎರಡು ತೂತು, ಬಾಯಿಗೆಂದು ಒಂದು. ಹಾಲು ಅರ್ಧ ನೆಲಕ್ಕೆ ಚೆಲ್ಲಿತು.

"ತೆಗಿಯೇ ಅದನ್ನ! ಮೊದ್ಲು ತೆಗಿ! ಉರೀತಿದೆಯಾ?"

"ಏನಾಯ್ತಮ್ಮ ನಿಂಗೆ? ಇದು ಶೀಟ್ ಮಾಸ್ಕ್. ತಣ್ಣಗಿದೆ. ಬೇಕಾದ್ರೆ ಮುಟ್ಟಿ ನೋಡು."

ಮುಟ್ಟಿ ನೋಡಿದೆ. ತಣ್ಣಗೇ ಇತ್ತು. ಆದರೂ ಅವಳು ಅದನ್ನು ತೆಗೆದು, ಕೆನ್ನೆ ಕೆಂಪಾಗಿಲ್ಲವೆಂದು ನನ್ನ ಕಣ್ಣಿಗೆ ಕಾಣುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ನೆಲ ಒರೆಸುವ ನೆಪದಲ್ಲಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ಇಪ್ಪತ್ತರ ಹುಡುಗಿ ರಾತ್ರಿ ಮುಖಕ್ಕೆ ಏನೋ ಹಚ್ಚಿಕೊಂಡರೆ ತಾಯಿಯಾದವಳು ಇಷ್ಟು ಗಾಬರಿಯಾಗುವುದೇ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ಅದರಲ್ಲಿ ನಗುವಂಥದ್ದೂ ಇದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ಆಗ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿತ್ತು. ಅಪ್ಪ ಕಾಗದದ ಕಾರ್ಖಾನೆಯಲ್ಲಿ, ಬಿದಿರನ್ನೂ ನೀಲಗಿರಿ ಮರವನ್ನೂ ಬೇಯಿಸಿ ಮುದ್ದೆ ಮಾಡುವ ವಿಭಾಗದಲ್ಲಿದ್ದರು. ಆ ಮುದ್ದೆಗೆ ನಮ್ಮೂರಿನಲ್ಲಿ ಎಲ್ಲರೂ ಪಲ್ಪ್ ಎನ್ನುತ್ತಿದ್ದರು. ಬೇಯಿಸುವಾಗ ಏಳುವ ವಾಸನೆ ಹೊಸಬರಿಗೆ ಹೊಟ್ಟೆ ತೊಳೆಸುತ್ತಿತ್ತು. ನಮಗೆ ಅದು ವಾಸನೆಯೆಂದೇ ಅನಿಸುತ್ತಿರಲಿಲ್ಲ. ನೆಂಟರು ಮೂಗು ಮುಚ್ಚಿಕೊಂಡು ಬಂದಾಗ, ಇವರಿಗೇನೋ ನೆಗಡಿ ಇರಬೇಕೆಂದು ನಾನು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ.

ಪಕ್ಕದ ಮನೆಯ ಸೆಲ್ವಿ ನನಗಿಂತ ಒಂದು ವರ್ಷ ದೊಡ್ಡವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ನಮಗಿಂತ ಚೆನ್ನಾದ ಕನ್ನಡ. ಅವಳ ಅಪ್ಪನೂ ನನ್ನ ಅಪ್ಪನೂ ಒಂದೇ ಪಾಳಿಯವರು, ಒಂದೇ ಬೀಡಾ ಅಂಗಡಿಯವರು. ಸೆಲ್ವಿಯದು ಎಣ್ಣೆ ಹಚ್ಚಿ ಒರೆಸಿದ ಕಲ್ಲಿನಂಥ ಮಿರುಗುವ ಕಪ್ಪು. ಮುಖದಲ್ಲಿ ಒಂದು ಕಲೆ ಇಲ್ಲ. ನನ್ನ ಮುಖದಲ್ಲಾದರೋ ಮೊಡವೆ ಇಲ್ಲದ ಜಾಗವನ್ನು ಹುಡುಕಬೇಕಿತ್ತು. ಹೀಗಿದ್ದೂ ನಮ್ಮ ಸಾಲಿನ ಸೌಂದರ್ಯ ತಜ್ಞೆ ನಾನು! ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಚೆಲುವಿನ ಗುಟ್ಟುಗಳನ್ನೆಲ್ಲ ಕತ್ತರಿಸಿ, ಅನ್ನದ ಅಗುಳಿನಿಂದ ಒಂದು ನೋಟುಬುಕ್ಕಿಗೆ ಅಂಟಿಸಿದ್ದೆ. ಕಡಲೆಹಿಟ್ಟು, ಹಾಲಿನ ಕೆನೆ, ನಿಂಬೆರಸ, ಟೊಮೆಟೊ, ಆಲೂಗಡ್ಡೆ ತುರಿ, ಪರಂಗಿ ಹಣ್ಣು. ರಾತ್ರಿ ಮಲಗುವ ಮುಂಚೆ ಯಾವುದಾದ ಮೇಲೆ ಯಾವುದು ಎಂದು ನಾನೇ ಕ್ರಮಸಂಖ್ಯೆ ಹಾಕಿದ್ದೆ. ಸಂಜೆಯಾದರೆ ಅಕ್ಕಪಕ್ಕದ ಹುಡುಗಿಯರು ನಮ್ಮ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಸೇರುತ್ತಿದ್ದರು. ನಾನು ಪುಸ್ತಕ ಬಿಚ್ಚಿ ಒಬ್ಬೊಬ್ಬರಿಗೆ ಒಂದೊಂದು ಬರೆದುಕೊಡುತ್ತಿದ್ದೆ. ನಿನ್ನ ಮುಖದಲ್ಲಿ ಯಾಕೆ ಇದು ಕೆಲಸ ಮಾಡಿಲ್ಲ ಎಂದು ಒಬ್ಬಳೂ ಕೇಳಲಿಲ್ಲ. ಅವರ ಒಳ್ಳೆಯತನಕ್ಕೆ ಇಂದಿಗೂ ನಮಸ್ಕಾರ.

ಆ ವರ್ಷದ ಏಪ್ರಿಲ್‌ನಲ್ಲಿ ಸೆಲ್ವಿಗೆ ಶಿವಮೊಗ್ಗದಿಂದ ಸಂದರ್ಶನಕ್ಕೆ ಕರೆ ಬಂತು. ಪಿಯುಸಿ ಆದ ಮೇಲೆ ಅವಳು ಶಿಶುವಿಹಾರದ ಟೀಚರ್ ಟ್ರೈನಿಂಗ್ ಮಾಡಿದ್ದಳು. ವಿನೋಬನಗರದಲ್ಲಿ ಒಂದು ಮನೆಯನ್ನೇ ಶಾಲೆ ಮಾಡಿಕೊಂಡ ಪುಟ್ಟ ನರ್ಸರಿ. ಜೊತೆಗೆ ನಾನೂ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿ ಹತ್ತೇ ನಿಮಿಷದಲ್ಲಿ ಇವಳನ್ನು ಒಪ್ಪಿ, ಜೂನ್ ಒಂದನೇ ತಾರೀಕಿಗೆ ಬಾ ಎಂದುಬಿಟ್ಟರು. ನಾವಿಬ್ಬರೂ ಕುಣಿಯುತ್ತ ಜಗಲಿಗೆ ಬಂದೆವು. ಅಲ್ಲಿ ಮಗುವನ್ನು ಸೇರಿಸಲು ಬಂದಿದ್ದ ಒಬ್ಬ ಹೆಂಗಸು ಪಕ್ಕದವಳಿಗೆ ಮೆಲ್ಲಗೆ ಹೇಳಿದಳು, "ಇವಳೇನ್ರೀ ಹೊಸ ಮಿಸ್ಸು? ಮಕ್ಕಳು ಹೆದರ್ಕೊಳ್ಳೋಲ್ವಾ?"

ಮೆಲ್ಲಗೆ ಹೇಳಿದ ಮಾತು ಯಾರಿಗೆ ಕೇಳಬಾರದೋ ಅವರಿಗೇ ಕೇಳುತ್ತದೆ. ಬಸ್ಸಿನಲ್ಲಿ ಸೆಲ್ವಿ ಕಿಟಕಿಗೆ ತಲೆ ಆನಿಸಿ ಕೂತಳು. ಮಾಚೇನಹಳ್ಳಿಯ ಕಾರ್ಖಾನೆಗಳು ದಾಟಿದವು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು.

"ಜೂನ್ ಒಳಗೆ ಸ್ವಲ್ಪನಾದ್ರೂ ಬೆಳ್ಳಗಾಗೋಕೆ ಆಗುತ್ತೇನೇ? ಆಗ್ದೇ ಇದ್ರೆ ನಾನು ಆ ಕೆಲಸಕ್ಕೆ ಹೋಗಲ್ಲ."

ಆ ಹೆಂಗಸಿಗೆ ಅಲ್ಲೇ ನಾಲ್ಕು ಮಾತು ಅಂದು ಬರಬೇಕಿತ್ತು. ಸೆಲ್ವಿಗಾದರೂ, ನಿನಗೇನಾಗಿದೆ ಮಾರಾಯ್ತಿ, ಇಷ್ಟು ಚೆನ್ನಾಗಿದ್ದೀಯ ಎನ್ನಬೇಕಿತ್ತು. ನಾನು ಅಂದದ್ದು ಬೇರೆ. "ನಂಗೆ ಬಿಡು" ಎಂದೆ. ತಜ್ಞೆಯಲ್ಲವೇ.

ನೋಟುಬುಕ್ಕಿನಲ್ಲಿದ್ದದ್ದೆಲ್ಲ ಮೂರು ವಾರದಲ್ಲಿ ಮುಗಿಯಿತು. ಸೆಲ್ವಿಯ ಮುಖದಿಂದ ಒಂದು ದಿನ ಟೊಮೆಟೊ ಸಾರಿನ, ಒಂದು ದಿನ ಮಜ್ಜಿಗೆಹುಳಿಯ ವಾಸನೆ ಬರುತ್ತಿತ್ತೇ ಹೊರತು ಬಣ್ಣ ಎಳ್ಳಷ್ಟೂ ಬದಲಾಗಲಿಲ್ಲ. ಆಗ ನನಗೆ ಹೊಳೆದದ್ದು ಕಾಗದನಗರದ ಹುಡುಗಿಗೆ ಮಾತ್ರ ಹೊಳೆಯಬಹುದಾದದ್ದು. ಅಪ್ಪ ಒಮ್ಮೆ ನಮ್ಮನ್ನು ಕಾರ್ಖಾನೆಯೊಳಗೆ ಕರೆದುಕೊಂಡು ಹೋಗಿದ್ದರು. ಬೆಂದ ಬಿದಿರಿನ ಪಲ್ಪ್ ಒಂದು ಕಡೆ ಕಾಫಿ ಗಸಿಯ ಬಣ್ಣದಲ್ಲಿ ಒಳಗೆ ಹೋಗುತ್ತದೆ, ಇನ್ನೊಂದು ಕಡೆ ಮಲ್ಲಿಗೆ ಇಡ್ಲಿಯ ಹಾಗೆ ಬೆಳ್ಳಗೆ ಹೊರಗೆ ಬರುತ್ತದೆ. ನಾನು ಯೋಚಿಸಿದೆ: ಬಿದಿರನ್ನೇ ಬೆಳ್ಳಗೆ ಮಾಡುವವರಿಗೆ ಸೆಲ್ವಿಯ ಕೆನ್ನೆ ಯಾವ ಮಹಾ ಕೆಲಸ?

ಪಲ್ಪ್ ಮನೆಯಲ್ಲೇ ಇರುತ್ತಿತ್ತು. ಅಮ್ಮ ಅದಕ್ಕೆ ರುಬ್ಬಿದ ಮೆಂತ್ಯ ಕಲಸಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಿದ್ದಳು. ಸಾಲಿನ ಎಲ್ಲ ಹೆಂಗಸರೂ ಮಾಡುತ್ತಿದ್ದರು. ಅದಕ್ಕೆಂದು ಅಪ್ಪ ಊಟದ ಡಬ್ಬಿಯಲ್ಲಿ ಒಂದು ಹಿಡಿ ಒದ್ದೆ ಪಲ್ಪ್ ತರುತ್ತಿದ್ದರು, ಗೇಟಿನವರಿಗೂ ಗೊತ್ತಿದ್ದ ವಿಷಯ. ನಾನು ಅದರಲ್ಲಿ ಸ್ವಲ್ಪ ಎತ್ತಿಟ್ಟು, ಮೊಸರು ಸೇರಿಸಿ ರಾತ್ರಿ ಸೆಲ್ವಿಯ ಮುಖಕ್ಕೆ ಹಚ್ಚತೊಡಗಿದೆ. ನಾಲ್ಕು ದಿನ ಏನೂ ಆಗಲಿಲ್ಲ. ಬೆಳಿಗ್ಗೆ ಹುಬ್ಬಿನಲ್ಲಿ ಬಿಳಿ ಚೂರು ಉಳಿದದ್ದು ನೋಡಿ ಅವಳ ಅಮ್ಮ, "ಏಂಡಿ, ಹಾಸಿಗೆ ಅಂಗಡೀಲಿ ಹತ್ತಿ ಹಿಂಜೋಕೆ ಹೋಗಿದ್ಯಾ?" ಎಂದರಂತೆ.

ತಪ್ಪು ಎಲ್ಲಿದೆಯೆಂದು ನಾನು ಕೂತು ಯೋಚಿಸಿದೆ. ಅಪ್ಪ ತರುವುದು ನಾಲ್ಕಾರು ನೀರಿನಲ್ಲಿ ತೊಳೆದ ಪಲ್ಪ್. ಬೆಳ್ಳಗೆ ಮಾಡುವ ಔಷಧಿಯೆಲ್ಲ ಆ ನೀರಿನಲ್ಲೇ ಹೋಗಿರುತ್ತದೆ! ಮರುದಿನ ಅಪ್ಪನಿಗೆ ಒಂದು ಸುಳ್ಳು ಹೇಳಿದೆ. "ಅಪ್ಪಾ, ಬುಟ್ಟಿಗೆ ಹುಳ ಬೀಳ್ತಿದೆ. ತೊಳೆಯೋಕೆ ಮುಂಚಿನ ಪಲ್ಪ್ ಸ್ವಲ್ಪ ತಂದ್ಕೊಡು."

ಅಪ್ಪ ತಂದುಕೊಟ್ಟರು. ಡಬ್ಬಿ ಕೊಡುವಾಗ, "ಕೈಯಲ್ಲಿ ಮುಟ್ಟಬೇಡ ಪುಟ್ಟಿ, ಕಡ್ಡೀಲಿ ಕಲಸು" ಎಂದರು.

ನಾನು ಕೈಯಲ್ಲಿ ಮುಟ್ಟಲಿಲ್ಲ. ಚಮಚದಲ್ಲಿ ತೆಗೆದು ಸೆಲ್ವಿಯ ಮುಖಕ್ಕೆ ಬಳಿದೆ. ಅಪ್ಪನ ಮಾತು ಕಿವಿಗೆ ಬಿದ್ದಿತ್ತು, ನನ್ನ ಕೈಯನ್ನು ಕಾಪಾಡಿಕೊಂಡೆ, ಅವಳ ಮುಖ ನೆನಪಾಗಲಿಲ್ಲ.

"ಉರೀತಿದೆ ಕಣೇ" ಎಂದಳು.

"ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ತಡ್ಕೋ."

ತಡೆದುಕೊಂಡಳು. ನನ್ನನ್ನು ಅಷ್ಟು ನಂಬಿದ್ದಳು.

ಬೆಳಿಗ್ಗೆ ಅವಳ ಎರಡು ಕೆನ್ನೆಯೂ ಊದಿ, ಅಲ್ಲಲ್ಲಿ ಚರ್ಮ ಸುಲಿದಿತ್ತು. ಶಾಲೆ ಶುರುವಾಗಲು ಹನ್ನೆರಡು ದಿನ ಬಾಕಿ. ಅವಳ ಅಮ್ಮ ಕೂಗಾಡಿ, ನಮ್ಮ ಸಾಲಿನ ಕೊನೆಯ ಮನೆಯಲ್ಲಿದ್ದ ಫಿಲೋಮಿನಾ ಸಿಸ್ಟರನ್ನು ಕರೆಸಿದರು. ಸಿಸ್ಟರ್ ವಿನೋಬನಗರದಲ್ಲಿ ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ನರ್ಸ್. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಗಟ್ಟಿ ದನಿ, ಗಟ್ಟಿ ಹೆಜ್ಜೆ. ಅವರು ಬಾಗಿ ನೋಡಿ, "ಏನು ಹಚ್ಚಿದ್ದು?" ಎಂದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಸೆಲ್ವಿ ನನ್ನ ಕಡೆ ನೋಡಲೇ ಇಲ್ಲ. "ಸಂತೇಲಿ ಒಬ್ಬ ಪೌಡರ್ ಮಾರ್ತಿದ್ದ ಸಿಸ್ಟರ್. ಅದನ್ನ ಹಚ್ಚಿದೆ. ಡಬ್ಬಿ ಬಿಸಾಕಿದೀನಿ" ಎಂದಳು. ಅವಳ ಅಮ್ಮ ಬೆನ್ನಿಗೆ ಒಂದು ಗುದ್ದಿದರು. ಆ ಗುದ್ದು ನನಗೆ ಬೀಳಬೇಕಾದದ್ದು. ನಾನು ಬಾಯಿ ಬಿಡಲಿಲ್ಲ.

ಸಿಸ್ಟರ್ ಅವತ್ತೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಗಾಯ ಆಳವಾಗಿಲ್ಲ, ಕಲೆ ಉಳಿದರೂ ನಿಧಾನಕ್ಕೆ ಹೋಗುತ್ತದೆ, ಕೊಟ್ಟ ಮುಲಾಮು ಬಿಟ್ಟು ಬೇರೇನೂ ಮುಟ್ಟಿಸಬಾರದು, ಬಿಸಿಲಿಗೆ ಕೊಡೆಯಿಲ್ಲದೆ ಹೋಗಬಾರದು ಎಂದು ಡಾಕ್ಟರು ಹೇಳಿದರಂತೆ. ಮಾರನೆಯ ಸಂಜೆ ಸಿಸ್ಟರ್ ನೇರವಾಗಿ ನಮ್ಮ ಹಿತ್ತಿಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತರು. "ಎಲ್ಲಿ, ಆ ನಿನ್ನ ಪುಸ್ತಕ ತಾ."

ಒಂದೊಂದು ಪುಟವನ್ನೂ ಪರೀಕ್ಷೆಯ ಪೇಪರ್ ತಿದ್ದುವವರ ಹಾಗೆ ಓದಿದರು. ಆಮೇಲೆ ಮುಚ್ಚಿ, "ಸಾಂಬಾರಿಗೆ ಬೇಕಾದ್ದೆಲ್ಲ ಇದೆ. ಮುಖಕ್ಕೆ ಬೇಕಾದ್ದು ಒಂದೂ ಇಲ್ಲ" ಎಂದರು. ಸುತ್ತ ಕೂತಿದ್ದ ಹುಡುಗಿಯರು ಕಿಸಕ್ಕೆಂದರು. ನನಗೆ ಕಿವಿಯವರೆಗೂ ಬಿಸಿಯಾಯಿತು.

"ನಕ್ಕಿದ್ದು ಸಾಕು, ಕೇಳಿ. ರಾತ್ರಿ ಏಳು ಎಂಟು ಲೇಪ ಯಾರಿಗೂ ಬೇಡ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಒಂದೇ ಸಲ. ಒರೆಸೋಕೆ ಅಪ್ಪನ ಟವೆಲ್ ಬೇಡ. ಹಳೇ ಪಂಚೆ ಹರಿದು ನಿಮ್ಮದೇ ಒಂದು ತುಂಡು ಇಟ್ಕೊಳ್ಳಿ. ಉಜ್ಜಬೇಡಿ, ಒತ್ತಿ. ಮುಖ ಇನ್ನೂ ಹಸಿ ಇರೋವಾಗ್ಲೇ ಗ್ಲಿಸರಿನ್‌ಗೆ ನಾಲ್ಕು ಪಾಲು ನೀರು ಬೆರೆಸಿ ಎರಡು ಹನಿ ಸವರಿ. ಮೆಡಿಕಲ್ ಶಾಪಲ್ಲಿ ಒಂದು ಚಿಕ್ಕ ಬಾಟ್ಲಿ ತಂದ್ರೆ ಐದು ಹುಡುಗೀರಿಗೆ ತಿಂಗಳು ಬರುತ್ತೆ. ಮುಗೀತು."

"ಮೊಡವೆಗೆ?" ಎಂದೆ ಮೆಲ್ಲಗೆ.

ಸಿಸ್ಟರ್ ನನ್ನ ಜಡೆ ಹಿಡಿದು ಹಿಂಡಿದರು. ನಿಜವಾಗಿಯೂ ಎಣ್ಣೆ ಬಂತು. "ಇದೇ ನೋಡು ನಿನ್ನ ಮೊಡವೆ. ರಾತ್ರಿ ತಲೆ ತುಂಬ ಕೊಬ್ಬರಿ ಎಣ್ಣೆ ಸುರ್ಕೊಂಡು ಅದೇ ದಿಂಬಿಗೆ ಕೆನ್ನೆ ಒತ್ತಿ ಮಲಗ್ತೀಯ. ದಿಂಬಿನ ಕವರ್ ಒಗೆದು ಎಷ್ಟು ದಿನ ಆಯ್ತು? ಎಣ್ಣೆ ಹಚ್ಚೋದಾದ್ರೆ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಹಚ್ಚು. ಕವರ್ ವಾರಕ್ಕೆ ಎರಡು ಸಲ ಬದಲಾಯಿಸು. ಮೊಡವೆ ಚಿವುಟಬೇಡ. ಇನ್ನೊಂದು ಮಾತು. ಹೊಸದು ಏನೇ ಇರಲಿ, ಮೊದ್ಲು ಮೊಣಕೈ ಒಳಗಡೆ ಹಚ್ಚಿ ಎರಡು ದಿನ ನೋಡಬೇಕು. ಉರಿದ್ರೆ ತಕ್ಷಣ ತೊಳೀಬೇಕು. ಉರಿಯೋದು ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೆ ಅವರ ಮುಖಕ್ಕೇ ಮೊದ್ಲು ಹಚ್ಚಿ."

ಈ ಕೊನೆಯ ಮಾತನ್ನು ಅವರು ನನ್ನನ್ನೇ ನೋಡಿ ಹೇಳಿದರೋ, ಕಳ್ಳ ಮನಸ್ಸಿಗೆ ಹಾಗೆ ಕಂಡಿತೋ ಗೊತ್ತಿಲ್ಲ. ಹಿಂದೆ ಕೂತಿದ್ದವಳೊಬ್ಬಳು, "ಬೆಳ್ಳಗಾಗೋಕೆ ಏನು ಹಚ್ಚಬೇಕು ಸಿಸ್ಟರ್?" ಎಂದಳು.

"ಅದಕ್ಕೆ ನಮ್ಮ ಡಾಕ್ಟ್ರ ಹತ್ರ ಔಷಧಿ ಇಲ್ಲ. ಕಪ್ಪಗಿರೋದು ಕಾಯಿಲೆ ಅಲ್ವಲ್ಲ."

ಆ ರಾತ್ರಿಯಿಂದ ನಮ್ಮ ಸಾಲಿನ ಹುಡುಗಿಯರೆಲ್ಲ ಗ್ಲಿಸರಿನ್ ನೀರಿಗೆ ಇಳಿದೆವು. ತಂತಿಯ ಮೇಲೆ ದಿನವೂ ದಿಂಬಿನ ಕವರುಗಳು ಹಾರಾಡುವುದನ್ನು ನೋಡಿ ಅಮ್ಮಂದಿರು, ಯಾರ ಮನೆಗೆ ಇಷ್ಟು ನೆಂಟರು ಬಂದಿದ್ದಾರೆ ಎಂದು ವಿಚಾರಿಸಿದರು. ನನ್ನ ಮೊಡವೆಗಳು ದಿನೇದಿನೇ ಬಾಡಿದವು. ಕನ್ನಡಿ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಸೆಲ್ವಿಯ ಮುಖ ಹಾಳು ಮಾಡಿ ನನ್ನದು ಚೆಂದವಾಗುತ್ತಿದೆಯಲ್ಲ ಎಂದು.

ಅವಳ ಊತ ಇಳಿಯಿತು. ಕೆನ್ನೆಗಳ ಮೇಲೆ ಮಾತ್ರ ಅಂಗೈ ಅಗಲದ ಕರೀ ಕಲೆ, ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ಜೂನ್ ಒಂದರ ಬೆಳಿಗ್ಗೆ ಹೋದರೆ ಸೆಲ್ವಿ ತಲೆ ಬಾಚದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ನಾನು ಹೋಗಲ್ಲ. ಮೊದ್ಲು ಬರೀ ಕಪ್ಪಗಿದ್ದೆ. ಈಗ ನಿಜವಾಗ್ಲೂ ಹೆದರ್ಕೋತಾವೆ."

ಬೇಡಿಕೊಂಡೆ, ಬೈದೆ, ಅತ್ತೆ. ಅವಳು ಅಲುಗಲಿಲ್ಲ. ಕೊನೆಗೆ, "ನೀನು ಏಳ್ದೇ ಇದ್ರೆ ಈಗ್ಲೇ ನಿಮ್ಮಮ್ಮನಿಗೆ ಎಲ್ಲಾ ಹೇಳ್ಬಿಡ್ತೀನಿ" ಎಂದೆ.

ಸೆಲ್ವಿ ಥಟ್ಟನೆ ಎದ್ದು ಕೂತಳು. "ಹುಚ್ಚಿ, ಹೇಳ್ಬೇಡ. ನಿಮ್ಮಪ್ಪನ ಹೆಸರು ಬರುತ್ತೆ. ನಮ್ಮಪ್ಪ ನಿಮ್ಮಪ್ಪನ ಜೊತೆ ಮಾತು ಬಿಡ್ತಾರೆ."

"ಹಾಗಾದ್ರೆ ಹೊರಡು."

ಎಂಥ ಗೆಳತಿ ನೋಡಿ ನಾನು! ಅವಳ ಒಳ್ಳೆಯತನವನ್ನೇ ಹಿಡಿದು ಅವಳನ್ನು ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಅವಳು ದುಪಟ್ಟಾ ಕೆನ್ನೆಗೆ ಎಳೆದುಕೊಂಡೇ ಇದ್ದಳು. ಶಾಲೆಯ ಗೇಟಿನಲ್ಲಿ ನಾನು, "ಗಾಂಧಿ ಬಜಾರಲ್ಲಿ ಅಮ್ಮನಿಗೆ ಬಳೆ ತಗೋಬೇಕು, ಶಾಲೆ ಬಿಡೋ ಹೊತ್ತಿಗೆ ಬರ್ತೀನಿ" ಎಂದೆ. ಅವಳು ಒಳಗೆ ಹೋದ ಮೇಲೆ ರಸ್ತೆಯ ಆಚೆ ಹೊಂಗೆ ಮರದ ಕೆಳಗಿನ ಮೋರಿಕಟ್ಟೆಯ ಮೇಲೆ ಕೂತೆ. ಬಜಾರಿಗೆ ಹೋಗುವ ಧೈರ್ಯ ಎಲ್ಲಿಂದ ಬರಬೇಕು? ಅವಳು ಅಳುತ್ತ ಓಡಿಬಂದರೆ ಹಿಡಿಯಲು ಒಬ್ಬರಾದರೂ ಇರಬೇಕಲ್ಲ.

ಮೊದಲ ದಿನದ ನರ್ಸರಿ ಹೇಗಿರುತ್ತದೆಂದು ನಿಮಗೆ ಗೊತ್ತು. ಯಾರ ಮುಖ ನೋಡಿಯೂ ಹೆದರುವಷ್ಟು ಪುರಸೊತ್ತು ಯಾವ ಮಗುವಿಗೂ ಇರಲಿಲ್ಲ. ಎಲ್ಲವೂ ಅಮ್ಮಾ ಎಂದು ಬಾಯಿ ಬಡಿದುಕೊಳ್ಳುತ್ತಿದ್ದವು. ಒಂದು ಗಂಟೆಯ ನಂತರ ಅಳು ತಗ್ಗಿತು. ಆಗ ಕಿಟಕಿಯಿಂದ ಒಂದು ಪುಟ್ಟ ದನಿ ರಸ್ತೆಯವರೆಗೂ ಕೇಳಿಸಿತು. "ಮಿಸ್, ನಿಮ್ ಮುಖಕ್ಕೆ ಏನಾಗಿದೆ?"

ನಾನು ಎದ್ದು ನಿಂತೆ. ಆಮೇಲೆ ಸೆಲ್ವಿಯ ದನಿ ಬಂತು. ನಡುಗುತ್ತಿತ್ತು, ಆದರೆ ಬಂತು.

"ಗಾಯ ಆಗಿದೆ ಪುಟ್ಟಾ. ವಾಸಿ ಆಗ್ತಾ ಇದೆ."

"ನಂಗೂ ಮಂಡೀಲಿ ಗಾಯ ಆಗಿದೆ."

"ನಂಗೆ ಇಲ್ಲಿ! ನಂಗೆ ಇಲ್ಲಿ!" ಎಂದು ಇನ್ನೊಂದು. ಮತ್ತೆ ಇಡೀ ಕ್ಲಾಸು ತಂತಮ್ಮ ಗಾಯಗಳನ್ನು ತೋರಿಸಲು ಮುಗಿಬಿದ್ದ ಗದ್ದಲ. ನಡುವೆ ಸೆಲ್ವಿ ನಕ್ಕದ್ದು ಕೇಳಿಸಿತು. ಎರಡು ವಾರದಿಂದ ಆ ನಗು ಕೇಳಿರಲಿಲ್ಲ. ನಾನು ಮೋರಿಕಟ್ಟೆಯ ಮೇಲೆ ಕೂತು ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತೆ.

ಶಾಲೆ ಬಿಟ್ಟಾಗ ಅವಳು ಹೊರಗೆ ಬಂದಳು. ಕೈಯಲ್ಲಿ ಸೀಮೆಸುಣ್ಣದ ಪುಡಿ, ದುಪಟ್ಟಾ ಹೆಗಲ ಮೇಲೆ. "ಬಳೆ ಎಲ್ಲಿ?" ಎಂದಳು. "ಯಾವ್ದೂ ಹಿಡಿಸ್ಲಿಲ್ಲ" ಎಂದೆ. "ಸರಿ ಬಿಡು" ಎಂದಳು. ಬಸ್‌ಸ್ಟಾಪಿನವರೆಗೂ ಮಕ್ಕಳ ಮಾತೇ ಮಾತು.

ದಸರಾ ಹೊತ್ತಿಗೆ ಕಲೆ ಪೂರಾ ಹೋಗಿ ಅವಳ ಮೊದಲಿನ ಬಣ್ಣ ತಿರುಗಿ ಬಂತು. ಯಾವುದನ್ನು ತೆಗೆಯಲು ಅಷ್ಟು ಒದ್ದಾಡಿದ್ದೆವೋ ಅದೇ ಬಣ್ಣ ಬಂದದ್ದಕ್ಕೆ ನಾವಿಬ್ಬರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಅಲ್ಲಿಯೂ ಪಲ್ಪಿನ ಮಾತು ಎತ್ತಲಿಲ್ಲ. ನಾನು ಕ್ಷಮೆ ಕೇಳಬೇಕಿತ್ತು, ಬಾಯಿ ಬರಲಿಲ್ಲ. ಆಮೇಲೆ ಮದುವೆಯಾಗಿ ನಾನು ವಿನೋಬನಗರಕ್ಕೇ ಬಂದೆ. ಸೆಲ್ವಿ ಅದೇ ಶಾಲೆಯಲ್ಲಿ ಉಳಿದಳು, ನನ್ನ ಮಗಳಿಗೂ ಮಿಸ್ ಆದಳು. ಹಬ್ಬಕ್ಕೆ ಬರುತ್ತಾಳೆ, ಹೋಗುತ್ತೇನೆ. ಇಷ್ಟು ವರ್ಷವೂ ಆ ಒಂದು ಮಾತನ್ನು ಸುತ್ತುಬಳಸಿ ದಾಟುತ್ತಲೇ ಬಂದೆವು. ಅಪ್ಪ ತೀರಿಕೊಂಡರು. ಆ ಪಲ್ಪ್ ಬುಟ್ಟಿಗೇ ಹೋಯಿತೆಂದು ಅವರು ಕೊನೆಯವರೆಗೂ ನಂಬಿದ್ದರು.

ಕಳೆದ ವಾರ ಆ ರಾತ್ರಿ ನೆಲ ಒರೆಸಿ ಮುಗಿದರೂ ನಾನು ಏಳದೆ ಇದ್ದದ್ದು ನೋಡಿ ಸಿಂಚನ ಪಕ್ಕಕ್ಕೆ ಬಂದು ಕೂತಳು. ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಚಮಚದ ವಿಷಯವನ್ನೂ ಬಿಡಲಿಲ್ಲ. ಅವಳು ಛೀ ಅನ್ನಬಹುದೆಂದು ತಲೆ ತಗ್ಗಿಸಿದ್ದೆ. ಅವಳು ನನ್ನ ಗಲ್ಲ ಹಿಡಿದು ಎತ್ತಿ ಕಣ್ಣರಳಿಸಿದಳು.

"ಅಯ್ಯೋ, ಆ ಪೇಪರ್ ಫ್ರೆಂಡ್ ನೀನಾ?"

ಸೆಲ್ವಿ ಪ್ರತಿ ವರ್ಷ ಶಾಲೆ ಶುರುವಾದ ದಿನ ಹೊಸ ಮಕ್ಕಳಿಗೆಲ್ಲ ಹೇಳುವ ಕಥೆಯಂತೆ ಅದು. ಮುಖಕ್ಕೆ ಪೇಪರ್ ಹಚ್ಚಿದ ಫ್ರೆಂಡಿನ ಕಥೆ. ಹೆಸರು ಮಾತ್ರ ಹೇಳುವುದಿಲ್ಲ.

"ನೀನು ಒಂದು ಸಲನೂ ನಂಗೆ ಹೇಳ್ಲಿಲ್ವಲ್ಲೇ!" ಎಂದೆ.

"ಮಿಸ್ ಕಥೆ ಹೇಳಿದ ದಿನಾನೇ ಬಂದು ಹೇಳಿದ್ದೆ. ನೀನು, ಬಾಯಲ್ಲಿ ಅನ್ನ ಇಟ್ಕೊಂಡು ಮಾತಾಡ್ಬೇಡ ಅಂದೆ."

ನಾನು ಹೊತ್ತುಕೊಂಡು ತಿರುಗಿದ ಗುಟ್ಟು ವಿನೋಬನಗರದ ಅರ್ಧ ಮಕ್ಕಳಿಗೆ ಗೊತ್ತಿತ್ತು! ನಗಬೇಕೋ ಅಳಬೇಕೋ ತಿಳಿಯದೆ, "ಕಥೆ ಹೇಗೆ ಮುಗಿಯುತ್ತೆ?" ಎಂದು ಕೇಳಿದೆ.

"ಆ ಫ್ರೆಂಡ್ ಬಜಾರಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ, ಶಾಲೆ ಬಿಡೋ ತನಕ ಮರದ ಕೆಳಗೆ ಕೂತಿರ್ತಾಳೆ. ಅಷ್ಟೇ."

ನಾನು ಹೊತ್ತು ನೋಡದೆ ಫೋನ್ ತೆಗೆದುಕೊಂಡೆ. "ಏನೇ, ಎಲ್ರೂ ಹುಷಾರಾಗಿದೀರ ತಾನೇ?" ಎಂದಳು ಸೆಲ್ವಿ ಗಾಬರಿಯಲ್ಲಿ.

"ನಂದು ತಪ್ಪಾಯ್ತು ಕಣೇ. ಅವತ್ತೇ ಹೇಳ್ಬೇಕಿತ್ತು" ಎಂದೆ. ಏನು, ಯಾವುದು ಎಂದು ಅವಳು ಕೇಳಲಿಲ್ಲ. ಆಮೇಲೆ ನಾನೇ ಕೇಳಿದೆ. "ನಾನು ಆ ಮರದ ಕೆಳಗೆ ಕೂತಿದ್ದು ನಿಂಗೆ ಅವತ್ತೇ ಗೊತ್ತಿತ್ತಾ?"

"ಕಿಟಕಿಯಿಂದ ಕಾಣ್ತಿತ್ತಲ್ಲ" ಎಂದಳು. "ಮೊದಲ್ನೇ ಬೆಲ್ಲಿಗೇ ಓಡಿಹೋಗ್ಬೇಕು ಅಂತ ಬ್ಯಾಗ್ ಕೈಗೆ ತಗೊಂಡಿದ್ದೆ ಮಾರಾಯ್ತಿ. ನೋಡಿದ್ರೆ ಗೇಟ್ ಎದುರಿಗೇ ನೀನು ಕೂತಿದೀಯ. ನಿನ್ನ ದಾಟ್ಕೊಂಡು ಹೇಗೆ ಓಡ್ಲಿ? ವಾಪಸ್ ಕ್ಲಾಸಿಗೇ ಹೋದೆ."